ಗಟ್ಟಿ ಎಣ್ಣೆಯ ಮೇಸ್ತ್ರಿ

ಮೇಸ್ತ್ರಿ ಹೋಗಿ ಇಂದಿಗೆ ಇಪ್ಪತ್ತು ದಿನ. ಡೊಂಬಿವಲಿಯ ಮನೆಯಲ್ಲಿ ಬೆಳಿಗ್ಗೆ ಚಹಾ ಕುಡಿದು, ಲೋಟ ತೊಳೆದಿಟ್ಟು, ಸ್ವಲ್ಪ ಹೊತ್ತು ಮಲಗುತ್ತೇನೆಂದು ಮಲಗಿದವರು ಮತ್ತೆ ಏಳಲಿಲ್ಲ ಎಂದು ಅವರ ಸೊಸೆ ಹೇಳಿದಳು. ಸುದ್ದಿ ಬಂದಾಗ ನಾನು ಆಫೀಸಿನಲ್ಲಿ ಅಂದಿನ ಗಾಡಿಗಳ ಕಿಲೋಮೀಟರ್ ಬರೆಯುತ್ತಿದ್ದೆ. ಕೇಳಿದ ಮೇಲೂ ಬರೆಯುತ್ತಲೇ ಇದ್ದೆ. ಸಂಜೆ ನೋಡಿದರೆ ಆರನೇ ಗಾಡಿಯ ಅಂಕಿ ಏಳನೆಯದರ ಸಾಲಿನಲ್ಲಿತ್ತು. ನನ್ನ ಕೈಯಲ್ಲಿ ಹಾಗಾಗುವುದಿಲ್ಲ. ಅದಕ್ಕೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ನಾನು ಕಂಡದ್ದನ್ನು ಕಂಡದ್ದೆಂದೂ ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದೆಂದೂ ಹೇಳುತ್ತೇನೆ. ಹಾಗೆ ಬೇರೆ ಮಾಡಿ ಹೇಳುವುದನ್ನು ಕಲಿಸಿದವರೇ ಅವರು.

ಅವರ ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಮರಾಠಿಯವರಿಗೆ ಅವರು ಮಿಸ್ತ್ರಿ, ಕರಾವಳಿಯ ನಮಗೆ ಮೇಸ್ತ್ರಿ.

ನಮ್ಮದು ಠಾಣೆ ಹತ್ತಿರದ ಮಹಾಪೆಯಲ್ಲಿ ಒಂದು ದೊಡ್ಡ ಅಡುಗೆಮನೆ. ಮಾಲೀಕರು ಉಡುಪಿ ಕಡೆಯವರು. ಇಲ್ಲಿಂದ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ ಆಫೀಸು ಮತ್ತು ಕಾರ್ಖಾನೆಗಳ ಕ್ಯಾಂಟೀನುಗಳಿಗೆ ಹೋಗುತ್ತದೆ. ಒಂದು ದಿಕ್ಕಿಗೆ ಠಾಣೆಯ ವಾಗ್ಳೆ ಎಸ್ಟೇಟ್‌ವರೆಗೆ, ಇನ್ನೊಂದು ದಿಕ್ಕಿಗೆ ಡೊಂಬಿವಲಿ ದಾಟಿ ಕಲ್ಯಾಣದವರೆಗೆ. ಹದಿನಾಲ್ಕು ಗಾಡಿಗಳಿವೆ. ಯಾವುದು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಓಡಿತು, ಎಷ್ಟು ಡೀಸೆಲ್ ತುಂಬಿಸಿಕೊಂಡಿತು ಎಂದು ಬರೆದಿಡುವುದು ನನ್ನ ಕೆಲಸ. ಆ ಗಾಡಿಗಳನ್ನು ಓಡುವ ಸ್ಥಿತಿಯಲ್ಲಿಡುವುದು ಅವರ ಕೆಲಸ. ನಾನು ಕೋಪರಖೈರಣೆಯಿಂದ ಬರುವ ಹೊತ್ತಿಗೆ ಅವರು ಡೊಂಬಿವಲಿಯಿಂದ ಎರಡು ಲೋಕಲ್ ರೈಲು ಬದಲಿಸಿ ಬಂದು ಆಗಲೇ ಯಾವುದೋ ಗಾಡಿಯ ಬಾನೆಟ್ ಎತ್ತಿರುತ್ತಿದ್ದರು.

ಬಾನೆಟ್ಟನ್ನು ಅವರು ದಡಾರನೆ ಬಿಟ್ಟದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಇಳಿಸಿ, ಕೊನೆಯ ನಾಲ್ಕು ಬೆರಳು ಅಂತರವನ್ನು ಅಂಗೈಯಿಂದ ಒತ್ತಿ ಕೂರಿಸುತ್ತಿದ್ದರು. ಡ್ರೈವರುಗಳು ಬಡಿದು ಮುಚ್ಚಿದರೆ ಯಾರ್ಡಿನ ಆಚೆ ಮೂಲೆಯಿಂದಲೇ, ನಿಮ್ಮ ಮನೀ ಬಾಗಿಲಾನೂ ಹಿಂಗ ಹಾಕ್ತೀರೇನು ಎಂದು ಕೇಳುತ್ತಿದ್ದರು. ಕೇಳುವಾಗ ದನಿ ಏರುತ್ತಿರಲಿಲ್ಲ. ಅವರ ದನಿ ಏರಿದ್ದನ್ನೂ ನಾನು ಕೇಳಿಲ್ಲ.

ಎಣ್ಣೆ ಪರೀಕ್ಷಿಸುವ ಕ್ರಮ ಹೀಗಿತ್ತು. ಅಳತೆ ಕಡ್ಡಿಯನ್ನು ಎಂಜಿನ್ನಿನಿಂದ ಎಳೆದು, ಅದರ ತುದಿಯ ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿಯುವುದು. ತಿಕ್ಕುವುದು. ಬೆರಳು ಮೆಲ್ಲಗೆ ಅಗಲಿಸಿ, ನಡುವೆ ಎದ್ದ ಎಳೆ ಎಷ್ಟು ಉದ್ದಕ್ಕೆ ಹೋಗಿ ಹರಿಯುತ್ತದೆಂದು ಬೆಳಕಿಗೆ ಹಿಡಿದು ನೋಡುವುದು. ಎಳೆ ಉದ್ದ ಬಂದರೆ ಜೀವ ಐತಿ ಎನ್ನುತ್ತಿದ್ದರು. ಬೇಗ ಹರಿದರೆ ಪ್ಯಾಂಟಿಗೆ ಬೆರಳು ಒರೆಸಿಕೊಳ್ಳುತ್ತಿದ್ದರು.

ಅವರ ಊರು ವಿಜಯಪುರದ ಕಡೆ. ಮೂವತ್ತು ವರ್ಷ ಈ ಕಡೆ ಇದ್ದರೂ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ ತಪ್ಪಲಿಲ್ಲ. ಅಡುಗೆಮನೆಯ ಊಟ ಎಲ್ಲರಿಗೂ ಪುಕ್ಕಟೆ ಇತ್ತು. ಅವರು ತಿನ್ನುತ್ತಿರಲಿಲ್ಲ. ನಮ್ಮ ಸಾರನ್ನು ಕಂಡರೆ ಅವರಿಗೆ ತಮಾಷೆ. ಬಟ್ಟಲು ಓರೆ ಮಾಡಿ, ಇದರಾಗ ತಳಾ ಕಾಣತೈತಿ ಯವ್ವಾ, ಇದನ್ನ ಉಂಡು ನೀವು ಹೆಂಗ ನಡೀತೀರಿ ಎಂದು ಕೇಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ನಿಮ್ಮ ಕಡಲೆಹಿಟ್ಟಿನ ಝುಣಕ ತಿಂದವರು ಎದ್ದು ನಡೆಯುವುದನ್ನೇ ನಾನು ನೋಡಿಲ್ಲ ಎನ್ನುತ್ತಿದ್ದೆ. ಅದಕ್ಕೆ ಅವರು ತಲೆ ಹಿಂದಕ್ಕೆ ಹಾಕಿ, ಸದ್ದಿಲ್ಲದೆ, ಭುಜ ಮಾತ್ರ ಕುಣಿಯುವಂತೆ ನಗುತ್ತಿದ್ದರು.

ಎಣ್ಣೆಯ ವಿಷಯದಲ್ಲೂ ಅವರ ನಂಬಿಕೆ ಊಟದ ಹಾಗೆಯೇ ಇತ್ತು. ಗಟ್ಟಿಯಾದದ್ದು ಗಟ್ಟಿ, ತೆಳುವಾದದ್ದು ತೆಳು. ನಮ್ಮ ಹನ್ನೆರಡು ಗಾಡಿಗಳಿಗೆ ಕಂಪನಿಯ ಪುಸ್ತಕದಲ್ಲಿ ಹೇಳಿದ್ದು ತೆಳು ಎಣ್ಣೆ. ಅದನ್ನು ಅವರು ಉಡುಪಿ ಸಾರು ಎಂದು ಕರೆಯುತ್ತಿದ್ದರು. ಹಳೆಯ ಎರಡು ಗಾಡಿಗಳಿಗೆ ದಪ್ಪ ಎಣ್ಣೆ. ಅದಕ್ಕೆ ಹೆಸರಿಡದೆ ಬರೀ ಎಣ್ಣೆ ಎನ್ನುತ್ತಿದ್ದರು.

ಡಬ್ಬಿಯ ಮೇಲಿನ ಅಂಕಿಗಳನ್ನು ನನಗೆ ಬಿಡಿಸಿ ಹೇಳಿದವರು ಅವರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅಂಕಿಗಳು ಗೊತ್ತಿದ್ದವು. ಒಂದು ಡಬ್ಬಿಯ ಮೇಲೆ ಐದು, ಮೂವತ್ತು. ಇನ್ನೊಂದರ ಮೇಲೆ ಇಪ್ಪತ್ತು, ಐವತ್ತು. ಎರಡರ ನಡುವೆ ಡಬ್ಲ್ಯೂ ಅಕ್ಷರ. ಮೊದಲಿನದು ಎಂಜಿನ್ ತಣ್ಣಗಿದ್ದಾಗಿನ ದಪ್ಪ, ಹಿಂದಿನದು ಕಾದಾಗಿನ ದಪ್ಪ, ಅಂಕಿ ಹೆಚ್ಚಿದಷ್ಟೂ ಎಣ್ಣೆ ಗಟ್ಟಿ ಎಂದು ಹೇಳಿ, ತಾವೇ ಒಂದು ಪ್ರಶ್ನೆ ಹಾಕಿದರು. ಮೊದಲಿನ ಅಂಕಿ ಚಳಿ ದೇಶದವರಿಗೆ ಮಾಡಿದ್ದು. ನಮ್ಮ ಡೊಂಬಿವಲಿಯಲ್ಲಿ ಚಳಿ ಎಲ್ಲಿದೆ? ನನಗೂ ಅದು ಸರಿ ಎನಿಸಿತು. ಅದರಲ್ಲಿ ತಪ್ಪೇನಿದೆ ಎಂದು ನಮಗಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಅವರ ನಂಬಿಕೆ ಬರೀ ಹಠವಾಗಿರಲಿಲ್ಲ ಎಂದು ಇಲ್ಲಿ ಹೇಳಲೇಬೇಕು. ಹರೆಯದಲ್ಲಿ ಅವರು ವಾಗ್ಳೆ ಎಸ್ಟೇಟಿನ ಒಂದು ಲಾರಿ ವರ್ಕ್‌ಶಾಪಿನಲ್ಲಿದ್ದರು. ಅಲ್ಲಿಗೆ ಬರುತ್ತಿದ್ದದ್ದು ಸವೆದ ಎಂಜಿನ್ನುಗಳು. ಸವೆದು ಸಂದು ಬಿಟ್ಟಲ್ಲಿ ದಪ್ಪ ಎಣ್ಣೆ ನಿಲ್ಲುತ್ತದೆ, ತೆಳುವಾದದ್ದು ಜಾರಿ ಹೋಗುತ್ತದೆ. ಒಂದು ಸಲ ಯಾರೋ ತೆಳು ಎಣ್ಣೆ ಹಾಕಿ ಕಳಿಸಿದ ಲಾರಿ ಕಸಾರಾ ಘಾಟಿಯ ಏರಿನಲ್ಲಿ ಎಂಜಿನ್ ಬಿಗಿದು ನಿಂತಿತಂತೆ. ಅದನ್ನು ಬಿಚ್ಚಲು ಹೋದವರಲ್ಲಿ ಇವರೂ ಒಬ್ಬರು. ಬೇರಿಂಗುಗಳು ಬೆಲ್ಲದ ಪಾಕದ ಹಾಗೆ ಕರಗಿ ಅಂಟಿಕೊಂಡಿದ್ದವು ಎಂದು ಹೇಳುವಾಗ ಬೆರಳುಗಳನ್ನು ಒಂದಕ್ಕೊಂದು ಒತ್ತಿ ತೋರಿಸುತ್ತಿದ್ದರು. ಇದು ನಾನು ಕೇಳಿದ್ದು. ಬೆರಳು ಒತ್ತಿದ್ದು ಕಂಡದ್ದು.

ಅವರದ್ದೇ ಒಂದು ಗುರುತಿನ ಪದ್ಧತಿ ಇತ್ತು. ಪ್ರತಿ ಗಾಡಿಯ ಅಳತೆ ಕಡ್ಡಿಯ ಹಿಡಿಯ ಬಳೆಗೆ ಒಂದು ದಾರ ಕಟ್ಟುತ್ತಿದ್ದರು. ತೆಳು ಎಣ್ಣೆಗೆ ಬಿಳಿ ದಾರ, ಗಟ್ಟಿಗೆ ಕರಿ ದಾರ. ಎಣ್ಣೆ ಬದಲಿಸಿದಾಗಲೆಲ್ಲ ಹಳೆಯದನ್ನು ಕತ್ತರಿಸಿ ಹೊಸದು ಕಟ್ಟುತ್ತಿದ್ದರು. ಗಂಟಿನ ಮೇಲೆ ಮತ್ತೆ ಗಂಟು ಹಾಕುತ್ತಿರಲಿಲ್ಲ.

ಈಗ ಮಲ್ಲಣ್ಣನ ವಿಷಯ. ಈ ಬರಹಕ್ಕೆ ಕಾರಣವಾದದ್ದು ಅದು.

ಕಲ್ಯಾಣದ ದಾರಿಯ ಲೋಡು ಒಂದು ಗಾಡಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಆರನೇ ಮತ್ತು ಏಳನೇ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಒಂದೇ ವರ್ಷ ಕೊಂಡ, ಒಂದೇ ತರಹದ ಗಾಡಿಗಳು. ಒಂದೇ ರಸ್ತೆ, ಅವೇ ಕ್ಯಾಂಟೀನುಗಳು, ದಿನಕ್ಕೆ ಎರಡು ಸುತ್ತು. ಆರರ ಡ್ರೈವರ್ ಗಣಪತ್, ಕಲ್ಯಾಣದ ಮರಾಠಿಯವ, ಬಾಯಿ ಜೋರು. ಏಳರ ಡ್ರೈವರ್ ಮಲ್ಲಣ್ಣ, ಕಲಬುರಗಿ ಕಡೆಯವ, ಮಾತು ಕಡಿಮೆ. ಮೊದಲು ಕಟ್ಟಡದ ಕೆಲಸಕ್ಕೆ ಬಂದು, ಇಟ್ಟಿಗೆ ಹೊತ್ತು, ಆಮೇಲೆ ಲೈಸನ್ಸ್ ಮಾಡಿಸಿಕೊಂಡವನು.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಮೇಲೆ ಮ್ಯಾನೇಜರ್ ನನ್ನನ್ನು ಕೇಳಿದರು, ಡೀಸೆಲ್ ಎಲ್ಲಾದರೂ ಸೋರುತ್ತಿದೆಯಾ ನೋಡಿ ಎಂದು. ನಾನು ಪುಸ್ತಕ ತೆಗೆದು ಆರು ಮತ್ತು ಏಳರ ಅಂಕಿಗಳನ್ನು ಪಕ್ಕ ಪಕ್ಕದಲ್ಲಿ ಬರೆದೆ. ದೀಪಾವಳಿಯವರೆಗೆ ಎರಡೂ ಜೊತೆಜೊತೆಯಾಗಿ ಹೋಗಿದ್ದವು. ಅಲ್ಲಿಂದ ಏಳನೆಯದು ದಿನಾ ಸುಮಾರು ಅರ್ಧ ಲೀಟರ್ ಹೆಚ್ಚು ಕುಡಿದಿತ್ತು. ಬರೆದದ್ದನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, ವ್ಯತ್ಯಾಸದ ಕೆಳಗೆ ಗೆರೆ ಎಳೆದು, ಇದು ಮಲ್ಲಣ್ಣನ ಗಾಡಿ ಎಂದೆ. ಇಷ್ಟೇ ಹೇಳಿದ್ದು. ಆದರೆ ಗೆರೆ ಎಳೆದವಳು ನಾನು.

ಅವನನ್ನು ಕರೆಸಿದರು. ನಾನೂ ಕ್ಯಾಬಿನ್ನಿನಲ್ಲಿದ್ದೆ. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತ. ದಿನಾ ಅರ್ಧ ಲೀಟರ್ ಎಲ್ಲಿಗೆ ಹೋಗುತ್ತದೆ ಎಂದು ಮ್ಯಾನೇಜರ್ ಕೇಳಿದರು. ಅವನು ನಾ ಮುಟ್ಟಿಲ್ರಿ ಎಂದ.

"ಮತ್ತೆ ಎಂತ, ಆವಿಯಾಗಿ ಹೋಯ್ತಾ ಮಾರಾಯ?"

ತಿಂಗಳ ಕೊನೆಗೆ ಕೀಲಿ ಒಪ್ಪಿಸಬೇಕೆಂದು ಮ್ಯಾನೇಜರ್ ಹೇಳಿದರು. ಅವನು ತಲೆಯಾಡಿಸಿ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಎಡಗಾಲಿನದನ್ನು ಬಲಕ್ಕೆ ಹಾಕಿಕೊಂಡು ಎರಡು ಹೆಜ್ಜೆ ನಡೆದು, ನಿಂತು, ಸರಿ ಮಾಡಿಕೊಂಡದ್ದನ್ನು ಗಾಜಿನ ಆಚೆಯಿಂದ ನೋಡಿದೆ.

ನಮ್ಮ ಕಸುಬಿನಲ್ಲಿ ಡ್ರೈವರ್ ಕೆಲಸ ಹೋದರೆ ಬೇರೆ ಕಡೆ ಸಿಗುತ್ತದೆ. ಡೀಸೆಲ್ ಕಳ್ಳ ಎಂಬ ಹೆಸರು ಬಂದರೆ ಸಿಗುವುದಿಲ್ಲ. ಮಹಾಪೆಯಿಂದ ಕಲ್ಯಾಣದವರೆಗೆ ಎಲ್ಲ ಅಡುಗೆಮನೆಗಳ ಮ್ಯಾನೇಜರುಗಳು ಒಬ್ಬರಿಗೊಬ್ಬರು ಗೊತ್ತು, ಮುಕ್ಕಾಲು ಪಾಲು ಸಂಬಂಧಿಕರೇ. ಕೀಲಿ ಇಲ್ಲಿ ಹೋದರೆ ಎಲ್ಲ ಕಡೆ ಹೋದ ಹಾಗೆ. ಅವನಿಗೆ ಮತ್ತೆ ಇಟ್ಟಿಗೆಯೇ ಗತಿ. ಇದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ನನ್ನ ಅಂಕಿಗಳು ಸರಿ ಇದ್ದವು. ಮೂರು ಸಲ ಕೂಡಿ ನೋಡಿದ್ದೆ.

ಮಧ್ಯಾಹ್ನ ಮೇಸ್ತ್ರಿ ಬಂದರು. ಡಬ್ಬಿ ಇನ್ನೂ ಬಿಚ್ಚಿರಲಿಲ್ಲ. ಪುಸ್ತಕ ತೋರಿಸು ಎಂದರು. ತೋರಿಸಿದೆ. ಅಂಕಿಗಳ ಮೇಲೆ ಬೆರಳಾಡಿಸುತ್ತಾ, ವ್ಯತ್ಯಾಸ ಯಾವಾಗಿನಿಂದ ಶುರುವಾಯಿತೆಂದು ಕೇಳಿದರು. ದೀಪಾವಳಿ ಆದ ವಾರದಿಂದ ಎಂದೆ. ಅವರ ಬೆರಳು ಅಲ್ಲೇ ನಿಂತಿತು.

ಅವರು ಎದ್ದು ಯಾರ್ಡಿಗೆ ಹೋದರು. ಏಳನೇ ಗಾಡಿ ಆಗಷ್ಟೇ ಎರಡನೇ ಸುತ್ತು ಮುಗಿಸಿ ಬಂದಿತ್ತು. ಬಾನೆಟ್ ಎತ್ತಿ ನಿಂತರು. ತುಂಬಾ ಹೊತ್ತಾದರೂ ಮುಚ್ಚದ್ದರಿಂದ ನಾನು ಹೋಗಿ ನೋಡಿದೆ. ಅಳತೆ ಕಡ್ಡಿಯ ಬಳೆಯಲ್ಲಿ ಕರಿ ದಾರ ಇತ್ತು.

ಆಮೇಲೆ ಅವರು ಹೇಳಿದ್ದು ಇಷ್ಟು. ದೀಪಾವಳಿ ಸಮಯದಲ್ಲಿ ಮಲ್ಲಣ್ಣ ಬಂದು, ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಎಂಜಿನ್ ನಾಲ್ಕೈದು ಸೆಕೆಂಡ್ ಟಕಟಕ ಎನ್ನುತ್ತದೆ ಎಂದಿದ್ದ. ನಮ್ಮ ಕಡೆಯ ಹುಡುಗ, ಬಾಯಿಬಿಟ್ಟು ಏನನ್ನೂ ಕೇಳದವನು ಕೇಳಿದ್ದಾನೆ ಎಂದು ಇವರು ಹಳೆಯ ಗಾಡಿಗಳಿಗೆ ಇಟ್ಟಿದ್ದ ತಮ್ಮ ಒಳ್ಳೆಯ ಎಣ್ಣೆಯನ್ನೇ ಅವನ ಗಾಡಿಗೆ ಹಾಕಿದ್ದರು. ಉಪಕಾರ ಮಾಡಿದ್ದರು. ಸದ್ದು ನಿಂತಿತ್ತು. ಮಲ್ಲಣ್ಣ ಖುಷಿಯಾಗಿದ್ದ. ಇವರೂ ಮರೆತಿದ್ದರು.

ಎಣ್ಣೆಗೂ ಡೀಸೆಲಿಗೂ ಏನು ಸಂಬಂಧ ಎಂದು ನಾನು ಕೇಳಿದೆ. ಅವರು ಕೆಸರಿನಲ್ಲಿ ನಡೆದ ಹಾಗೆ ಎಂದರು. ಹಿಮ್ಮಡಿವರೆಗಿನ ಕೆಸರಿನಲ್ಲಿ ನಡೆಯುವುದಕ್ಕೂ ಮೊಣಕಾಲವರೆಗಿನದರಲ್ಲಿ ನಡೆಯುವುದಕ್ಕೂ ಇರುವ ವ್ಯತ್ಯಾಸ. ಎಂಜಿನ್ ತನ್ನೊಳಗಿನ ಎಣ್ಣೆಯನ್ನು ತಾನೇ ತಳ್ಳಿಕೊಂಡು ತಿರುಗಬೇಕು. ದಪ್ಪ ಇದ್ದಷ್ಟೂ ಅದಕ್ಕೇ ಬಲ ಹೋಗುತ್ತದೆ. ಆಮೇಲೆ ತಮ್ಮ ಹಳೆಯ ಪ್ರಶ್ನೆಗೆ ತಾವೇ ಉತ್ತರ ಹೇಳಿದರು. ಊರಿನಲ್ಲಿ ಚಳಿ ಇಲ್ಲ, ಖರೆ. ಆದರೆ ನಮ್ಮ ಗಾಡಿ ಒಂದೊಂದು ಕ್ಯಾಂಟೀನಿನ ಮುಂದೆ ಅರ್ಧ ಗಂಟೆ, ಮುಕ್ಕಾಲು ಗಂಟೆ ನಿಂತು ಆರುತ್ತದೆ. ಪೂರ್ತಿ ಕಾಯುವಷ್ಟು ದೂರ ಅದು ಓಡುವುದೇ ಇಲ್ಲ. ಎಂಜಿನ್ನಿಗೆ ದಿನವೆಲ್ಲ ಚಳಿ. ಇದನ್ನು ಅವರು ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ ತಿಳಿಯಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು.

"ನಿನ್ನ ಲೆಕ್ಕ ಖರೆ ಐತಿ ಯವ್ವಾ. ಅದರ ಮ್ಯಾಲೆ ಕಟ್ಟಿದ ಮಾತು ಖರೆ ಅಲ್ಲ."

ಮ್ಯಾನೇಜರ್ ನಂಬಲಿಲ್ಲ. ಅವರನ್ನು ದೂರುವಂತಿಲ್ಲ. ಹೇಳುತ್ತಿರುವವರು ಮೇಸ್ತ್ರಿ, ಉಳಿಸಬೇಕಾದವನು ಅವರ ಕಡೆಯವನು. ನಿಮ್ಮ ಊರಿನವ ಅಂತ ಎಣ್ಣೆಯ ಮೇಲೆ ಹಾಕ್ತೀರಾ ಎಂದು ಕೇಳಿಯೇಬಿಟ್ಟರು. ಮೇಸ್ತ್ರಿಗೆ ಕೋಪ ಬರಲಿಲ್ಲ. ನೀವು ಕೇಳೂದು ಬರಾಬರಿ ಐತ್ರಿ ಎಂದರು. ಒಂದು ವಾರ ಕೊಡಿ. ಎರಡೂ ಗಾಡಿಯ ಎಣ್ಣೆ ಅದಲುಬದಲು ಮಾಡುತ್ತೇನೆ. ಮಲ್ಲಣ್ಣನ ಗಾಡಿಗೆ ತೆಳುವಾದದ್ದು, ಗಣಪತ್‌ನ ಗಾಡಿಗೆ ಗಟ್ಟಿಯಾದದ್ದು. ಡ್ರೈವರುಗಳು ಅವರವರ ಗಾಡಿಯಲ್ಲೇ ಇರಲಿ. ಕಳ್ಳ ಮಲ್ಲಣ್ಣನಾದರೆ ಕೊರತೆ ಅವನ ಹತ್ತಿರವೇ ಉಳಿಯುತ್ತದೆ. ಎಣ್ಣೆಯಾದರೆ ಎಣ್ಣೆಯ ಹಿಂದೆ ಹೋಗುತ್ತದೆ. ಡೀಸೆಲ್ ತುಂಬುವಾಗ ನಾನು ಅಲ್ಲಿರುವುದಿಲ್ಲ, ಈಕೆ ಇರಲಿ. ಈಕೆ ನಿಮ್ಮ ಕಡೆಯಾಕಿ.

ಹೀಗೆ ನಾನು ಸಾಕ್ಷಿಯಾದೆ.

ಗಣಪತ್‌ಗೆ ವಿಷಯ ಹೇಳಿದಾಗ ಅವನು ಮೊದಲು ಗಲಾಟೆ ಮಾಡಿದ. ಆತಾ ಮೀ ಚೋರ್ ಕಾ, ಈಗ ಕಳ್ಳನಾಗುವ ಸರದಿ ನನ್ನದಾ ಎಂದು ಯಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದ. ಆಮೇಲೆ ತಾನೇ ಹೋಗಿ ಮಲ್ಲಣ್ಣನ ಬೆನ್ನಿಗೆ ಗುದ್ದಿ, ಒಂದು ವಾರ ನಿನ್ನ ಹೊರೆ ನನಗೆ ಕೊಡು ಎಂದ.

ಮೇಸ್ತ್ರಿ ಎರಡೂ ಗಾಡಿಗಳ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿದರು. ದಾರಗಳನ್ನು ಬದಲಿಸಿದರು. ಎಂಟೂ ಚಕ್ರಗಳ ಗಾಳಿ ಸಮ ಮಾಡಿದರು. ನನಗೆ ಕಟ್ಟಪ್ಪಣೆಗಳಿದ್ದವು. ಅದೇ ಪೆಟ್ರೋಲ್ ಪಂಪು, ಅದೇ ನಳಿಗೆ, ಗಾಡಿ ನಿಲ್ಲುವ ಅದೇ ಜಾಗ. ಅಲ್ಲಿ ನೆಲ ಸ್ವಲ್ಪ ಇಳಿಜಾರು, ಒಂದು ಮೊಳ ಆಚೀಚೆಯಾದರೂ ಟ್ಯಾಂಕಿನೊಳಗಿನ ಮಟ್ಟ ಬದಲಾಗುತ್ತದೆ. ಬಿಸಿಲೇರುವ ಮುಂಚೆ ತುಂಬಿಸಬೇಕು. ನಳಿಗೆ ತಾನಾಗಿ ಟಕ್ ಎಂದು ನಿಂತ ಮೇಲೆ ಒಂದು ಹನಿಯೂ ಹೆಚ್ಚು ಹಾಕಿಸಬಾರದು. ಮೊದಲ ದಿನ ಪಂಪಿನವನು ಅಭ್ಯಾಸದಂತೆ ಇನ್ನೂ ಸ್ವಲ್ಪ ಒತ್ತಲು ಹೋದಾಗ ನಾನು ಅವನ ಕೈ ಹಿಡಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಏಳು ದಿನ ಬೆಳಿಗ್ಗೆ ಅಲ್ಲಿ ನಿಂತೆ. ಮಲ್ಲಣ್ಣ ಸ್ಟಿಯರಿಂಗ್ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ನಾನು ಬಗ್ಗಿ ಮೀಟರ್ ಓದಿ ಬರೆದುಕೊಳ್ಳುತ್ತಿದ್ದೆ. ಅವನು ಮುಂದೆ ನೋಡುತ್ತಾ ಕೂತಿರುತ್ತಿದ್ದ.

ಮೊದಲ ದಿನ ಎರಡೂ ಹತ್ತಿರ ಹತ್ತಿರ ಸಮವಾಗಿದ್ದವು. ನನಗೆ ಹೆದರಿಕೆಯಾಯಿತು. ಎರಡನೇ ದಿನ ಗಣಪತ್‌ನದು ಸ್ವಲ್ಪ ಹೆಚ್ಚು ಕುಡಿಯಿತು. ಮೂರನೇ ದಿನವೂ ಹೆಚ್ಚು. ನಾಲ್ಕನೇ ದಿನ ಉಲ್ಟಾ ಆಯಿತು. ದಾರಿಯ ಶಿಳ್‌ಫಾಟಾ ಕೂಡುರಸ್ತೆಯಲ್ಲಿ ಟ್ರೇಲರ್ ಒಂದು ಅಡ್ಡ ನಿಂತಿತ್ತಂತೆ, ಗಣಪತ್ ಮುಂಚೆಯೇ ದಾಟಿದ್ದ, ಮಲ್ಲಣ್ಣ ಒಂದು ಗಂಟೆ ಸಿಕ್ಕಿಬಿದ್ದಿದ್ದ. ಆ ದಿನದ್ದನ್ನು ಬಿಟ್ಟುಬಿಡೋಣವೇ ಎಂದು ಮೇಸ್ತ್ರಿಯನ್ನು ಕೇಳಿದೆ. ಬಿಡಬ್ಯಾಡ, ಬರದು ಮಗ್ಗಲಕ್ಕ ಟ್ರೇಲರ್ ಅಂತ ಬರೀ ಎಂದರು. ಬರೆದೆ. ಉಳಿದ ಮೂರು ದಿನವೂ ಗಣಪತ್‌ನದೇ ಹೆಚ್ಚು.

ಏಳನೇ ದಿನ ಮಧ್ಯಾಹ್ನ. ಮ್ಯಾನೇಜರ ಮುಂದೆ ಮೇಸ್ತ್ರಿ ನನಗೆ ಗಟ್ಟಿಯಾಗಿ ಓದಲು ಹೇಳಿದರು. ಓದಿದೆ. ಕೊರತೆ ಎಣ್ಣೆಯ ಹಿಂದೆ ಆರನೇ ಗಾಡಿಗೆ ಹೋಗಿತ್ತು. ಆದರೆ ಪೂರ್ತಿ ಹೋಗಿರಲಿಲ್ಲ. ಮೊದಲಿದ್ದ ಅರ್ಧ ಲೀಟರನ್ನು ಮೂರು ಪಾಲು ಮಾಡಿದರೆ ಎರಡು ಪಾಲು ಜಾಗ ಬದಲಿಸಿತ್ತು. ಒಂದು ಪಾಲು ಎಲ್ಲಿಯೂ ಕಾಣಲಿಲ್ಲ. ಮ್ಯಾನೇಜರ್ ಅದನ್ನೇ ಹಿಡಿದರು. ಮೇಸ್ತ್ರಿ ಏನಾದರೂ ಕಾರಣ ಕೊಡಬಹುದಿತ್ತು. ಗಾಳಿ ಸಮ ಮಾಡಿದ್ದು, ಫಿಲ್ಟರ್ ಬದಲಿಸಿದ್ದು, ತನ್ನನ್ನು ನೋಡುತ್ತಿದ್ದಾರೆಂದು ಡ್ರೈವರ್ ಮೆಲ್ಲಗೆ ಓಡಿಸಿದ್ದು. ಅವರಂಥವರು ಹೇಳಿದ್ದರೆ ನಾವು ಒಪ್ಪುತ್ತಿದ್ದೆವು. ಅವರು ನನ್ನ ಕಡೆ ತಿರುಗಿ ಹೇಳಿದರು.

"ಉಳಿದದ್ದು ಗೊತ್ತಿಲ್ಲ ಅಂತ ಬರೀ."

ನಾನು ಗೊತ್ತಿಲ್ಲ ಎಂದು ಬರೆದೆ. ಆ ಪುಸ್ತಕದಲ್ಲಿ ಆ ಮಾತನ್ನು ಮೊದಲ ಬಾರಿ ಬರೆದದ್ದು ಅಂದು. ವಿಚಿತ್ರವೆಂದರೆ ಮ್ಯಾನೇಜರಿಗೆ ನಂಬಿಕೆ ಬಂದದ್ದೂ ಅದರಿಂದಲೇ. ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ಸರಿ ಮೇಸ್ತ್ರಿ, ಕೀಲಿ ಅವನ ಹತ್ತಿರವೇ ಇರಲಿ ಎಂದರು. ಇದನ್ನು ಇಲ್ಲಿಗೆ ಬಿಡುವ ಎಂದೂ ಹೇಳಿದರು.

ಮೇಸ್ತ್ರಿ ಅಲ್ಲಿಗೆ ಬಿಡಲಿಲ್ಲ. ಡ್ರೈವರುಗಳೆಲ್ಲ ಊಟಕ್ಕೆ ಕೂತಿದ್ದ ಹೊತ್ತು. ನೀರಿನ ಟ್ಯಾಂಕಿನ ನೆರಳಿನಲ್ಲಿ ಹತ್ತು ಹನ್ನೊಂದು ಜನ ಇದ್ದರು. ನಾನೂ ಹಿಂದೆಯೇ ಬಂದು ಒಂದು ಬದಿಯಲ್ಲಿ ಕೂತೆ. ಮೇಸ್ತ್ರಿ ಹೋಗಿ ನಡುವೆ ನಿಂತರು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಡೀಸೆಲ್ ಕದ್ದಾಂವ ಮಲ್ಲಣ್ಣ ಅಲ್ಲ, ನಾನು. ಎಣ್ಣಿ ಆರಿಸೂದ್ರಾಗ ತಪ್ಪಿದೆ. ಅವನ ಹೆಸರಿಗೆ ಮಸಿ ಹತ್ತಿದ್ದು ನನ್ನ ಕೈಯಿಂದ."

ಹಿಂದಿಯಲ್ಲೂ ಅದನ್ನೇ ಹೇಳಿದರು, ಗಣಪತ್ ಮತ್ತು ಉಳಿದವರಿಗಾಗಿ. ಯಾರೂ ಊಟ ಮುಂದುವರಿಸಲಿಲ್ಲ. ಮಲ್ಲಣ್ಣ ಎದ್ದು ನಿಂತಿದ್ದ. ಮೇಸ್ತ್ರೀ, ಬಿಡ್ರಿ, ಕೂಡ್ರಿ ಎನ್ನುತ್ತಿದ್ದ. ಅರವತ್ತರ ಹತ್ತಿರದ ಮನುಷ್ಯ, ಮೂವತ್ತು ವರ್ಷ ಎಣ್ಣೆಯ ವಿಷಯದಲ್ಲಿ ಅವರ ಮಾತೇ ಕೊನೆ ಎನಿಸಿಕೊಂಡವರು, ಹತ್ತು ಜನರ ನಡುವೆ ಹಾಗೆ ನಿಂತಿದ್ದರು. ನಾನಿನ್ನೂ ಕೂತೇ ಇದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಬಹುಶಃ ಏಳುತ್ತಿರಲಿಲ್ಲ.

ಎದ್ದು ಹೋಗಿ ಮಲ್ಲಣ್ಣನಿಗೆ ಹೇಳಿದೆ. ನಿನ್ನ ಅಂಕಿಯ ಕೆಳಗೆ ಗೆರೆ ಎಳೆದವಳು ನಾನು, ಕಾರಣ ಕೇಳದೆ ನಿನ್ನ ಹೆಸರು ಹೇಳಿದೆ, ತಪ್ಪಾಯಿತು ಎಂದೆ. ಕನ್ನಡದಲ್ಲಿ ಮಾತ್ರ ಹೇಳಿದೆ. ಹಿಂದಿಯಲ್ಲಿ ಹೇಳುವ ಧೈರ್ಯ ಬರಲಿಲ್ಲ.

"ಗೊತ್ತಿತ್ರಿ ಅಕ್ಕಾರ," ಎಂದ ಮಲ್ಲಣ್ಣ. "ಪಂಪಿನ ಮುಂದ ನೀವು ಒಂದೊಂದು ಅಂಕಿನ ಎರಡೆರಡು ಸಲ ಓದಿ ಬರ್ಕೋತಿದ್ರಿ. ಕನ್ನಡಿಯಾಗ ಕಾಣತಿತ್ತು."

ಅಷ್ಟು ಹೇಳಿ, ತಾನು ಕೂತಿದ್ದ ಪ್ಲಾಸ್ಟಿಕ್ ಕ್ರೇಟನ್ನು ನನ್ನ ಕಡೆ ತಳ್ಳಿ ತಾನು ನೆಲದ ಮೇಲೆ ಕೂತ. ಗಣಪತ್ ಅದೇ ಹೊತ್ತಿಗೆ, ಹಾಗಾದರೆ ನನ್ನ ಗಾಡಿಯ ಗಟ್ಟಿ ಎಣ್ಣೆ ಯಾವಾಗ ತೆಗೀತೀರಿ ಮಿಸ್ತ್ರಿ, ಎಷ್ಟು ದಿನ ನಾನು ಕಳ್ಳನಾಗಿರಬೇಕು ಎಂದು ಕೇಳಿದ. ಎಲ್ಲರೂ ನಕ್ಕರು. ಮೇಸ್ತ್ರಿಯ ಭುಜಗಳು ಕುಣಿದವು.

ಟಕಟಕ ಸದ್ದಿನ ವಿಷಯ ಹೇಳುವುದು ಉಳಿದಿದೆ. ತೆಳು ಎಣ್ಣೆ ಹಾಕಿದ ಮೇಲೂ ಅದು ಮರಳಿ ಬರಲಿಲ್ಲ. ದೀಪಾವಳಿಯಲ್ಲಿ ಎಣ್ಣೆಯ ಜೊತೆ ಬದಲಿಸದೆ ಬಿಟ್ಟಿದ್ದ ಹಳೆಯ ಫಿಲ್ಟರನ್ನು ಮೇಸ್ತ್ರಿ ಕೊಯ್ದು ನೋಡಿದರು. ಒಳಗೆ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ಒಂದು ರಬ್ಬರ್ ಬಿಲ್ಲೆ ಇರುತ್ತದೆ, ಅದು ಹರಿದಿತ್ತು. ರಾತ್ರಿ ಎಣ್ಣೆಯೆಲ್ಲ ಕೆಳಗಿಳಿದು ಬೆಳಿಗ್ಗೆ ಎಂಜಿನ್ ಒಣಗಿ ಸದ್ದು ಮಾಡುತ್ತಿತ್ತು. ಗಟ್ಟಿ ಎಣ್ಣೆ ಇಳಿಯುವುದು ನಿಧಾನ, ಹಾಗಾಗಿ ಸದ್ದು ಅಡಗಿತ್ತು. ರೋಗ ಹಾಗೇ ಇತ್ತು. ಆ ರಬ್ಬರ್ ಬಿಲ್ಲೆಯನ್ನು ಅವರು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ನಾ ಎಣ್ಣಿನ್ನ ಹೊಗಳಿದ್ದರಾಗ ಎಷ್ಟು ಪಾಲು ಇಂಥಾ ಬಿಲ್ಲೆಗಳಿಗೆ ಸಲ್ಲತಿತ್ತೋ ಎಂದರು. ದುಃಖದಿಂದ ಹೇಳಲಿಲ್ಲ. ಹೊಸ ದಾರಿ ಸಿಕ್ಕವರ ಹಾಗಿತ್ತು ಮುಖ.

ಆಮೇಲೆ ಅವರು ಗಟ್ಟಿ ಎಣ್ಣೆಯನ್ನು ಬಿಟ್ಟರು ಎಂದುಕೊಳ್ಳಬೇಡಿ. ಹಳೆಯ ಎರಡು ಗಾಡಿಗಳಿಗೆ ಕೊನೆಯವರೆಗೂ ಅದನ್ನೇ ಹಾಕಿದರು. ಅವು ಸವೆದಿದ್ದವು, ಅವಕ್ಕೆ ಬೇಕಿತ್ತು. ಬದಲಾದದ್ದೆಂದರೆ, ಊಟದ ಬಿಡುವಿನಲ್ಲಿ ನನ್ನಿಂದ ಕಂಪನಿಯ ಪುಸ್ತಕ ಓದಿಸಿಕೊಳ್ಳತೊಡಗಿದರು. ಎರಡು ಪುಟ ಓದಿ ಅರ್ಥ ಹೇಳಬೇಕು. ಎಂಜಿನ್ನಿಗೇನು ಬೇಕು ಅಂತ ನೋಡಬೇಕಿತ್ತು, ನಾ ನನಗೇನು ರುಚಿ ಅಂತ ನೋಡಿದೆ ಎಂದು ಒಮ್ಮೆ ಹೇಳಿದರು. ಅಂದು ನಮ್ಮ ಸಾರನ್ನೂ ಒಂದು ಲೋಟ ಕುಡಿದರು. ಉಪ್ಪು ಕಡಿಮೆ ಎಂದರು.

ಏಳನೇ ಗಾಡಿಯ ಎಣ್ಣೆ ಬದಲಿಸುವ ಸರದಿ ಮತ್ತೆ ಬಂದದ್ದು ಮಳೆಗಾಲ ಹಿಡಿಯುವ ಮುಂಚೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮಲ್ಲಣ್ಣ ಗಾಡಿಯನ್ನು ರಿಪೇರಿ ಗುಂಡಿಯ ಮೇಲೆ ತಂದು ನಿಲ್ಲಿಸಿ, ಇಳಿದು, ಕೀಲಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟ. ಯಾವ ಎಣ್ಣೆ ಹಾಕುತ್ತೀರಿ ಎಂದು ಕೇಳಲಿಲ್ಲ. ಕೇಳದಿದ್ದರೂ ಮೇಸ್ತ್ರಿ ಡಬ್ಬಿಯನ್ನು ಎತ್ತಿ, ಅಂಕಿಗಳಿದ್ದ ಮಗ್ಗುಲನ್ನು ಅವನ ಕಡೆ ತಿರುಗಿಸಿ ಹಿಡಿದು ನಿಂತರು. ಅವನು ನೋಡುವವರೆಗೂ ಕೆಳಗಿಳಿಸುವ ಹಾಗೆ ಕಾಣಲಿಲ್ಲ. ಮಲ್ಲಣ್ಣ ಅದನ್ನು ನೋಡಲಿಲ್ಲ. ನೀವು ಹಾಕ್ರಿ, ನಾ ಚಹಾ ತರತೀನಿ ಎಂದು ಹೇಳಿ, ಗೇಟಿನಾಚೆ ನಡೆದ.